ಮೂಲ ಪದರಕ್ಕೆ ಬೀಗ

ವಿಜ್ಞಾನದ ಪ್ರಯೋಗ ದಾಖಲೆ ಪುಸ್ತಕದಲ್ಲಿ ತಪ್ಪಿದ ಅಳತೆಯನ್ನು ರಬ್ಬರಿನಿಂದ ಉಜ್ಜಬಾರದು, ವೈಟ್‌ನರ್ ಬಳಿಯಬಾರದು. ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಹೊಡೆದುಹಾಕಿದ ಅಂಕಿಯೂ ಓದಲು ಬರುವಂತಿರಬೇಕು, ಏಕೆಂದರೆ ನಾಳೆ ಅದೇ ಸರಿಯಿತ್ತೆಂದು ಗೊತ್ತಾಗಬಹುದು. ಬಿ.ಎಸ್ಸಿ. ಮೊದಲ ವರ್ಷದಲ್ಲೇ ನಮಗೆ ಕಲಿಸಿದ ಪಾಠ ಇದು. ಫೋಟೊ ತಿದ್ದುವ ತಂತ್ರಾಂಶದಲ್ಲೂ ಇಂಥದೇ ಒಂದು ಶಿಸ್ತು ಇದೆ. ಮೂಲವನ್ನು ಕೆಡಿಸದೆ ತಿದ್ದುವ ಆ ಕ್ರಮವನ್ನು ಒಂಬತ್ತನೇ ತರಗತಿಗೆ ಕಲಿಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಗಣಿತ, ವಿಜ್ಞಾನದ ಜೊತೆಗೆ ವಾರಕ್ಕೆ ಎರಡು ಕಂಪ್ಯೂಟರ್ ಅವಧಿ. ಕೆಲಸ ಮಾಡುವ ಕಂಪ್ಯೂಟರ್‌ಗಳು ಆರು, ಮಕ್ಕಳು ಮೂವತ್ತೆಂಟು. ಅದೇ ಹೊತ್ತಿಗೆ ಸಮಾಜ ವಿಜ್ಞಾನದ ಸಾರ್, ಶಾಲೆಯ ಭಿತ್ತಿಪತ್ರಿಕೆಗೆ ಕೆರೆ ಏರಿಯ ಪಕ್ಕದ ವೀರಗಲ್ಲಿನ ಫೋಟೊ ಬೇಕು, ಅಕ್ಷರ ಕಾಣುವಂತೆ ಮಾಡಿಕೊಡಿ ಎಂದರು. ನಮ್ಮ ಜಿಲ್ಲೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ಹೊಲದ ಬದುವಿನಲ್ಲಿ, ಗುಡಿಯ ಹಿಂದೆ, ಕೆಲವು ಸುಣ್ಣ ಬಳಿಸಿಕೊಂಡು, ಕೆಲವು ಎಣ್ಣೆ ಅರಿಶಿನ ಕುಡಿದು ನಿಂತಿರುತ್ತವೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ನಮ್ಮ ಕೈಲಿದ್ದದ್ದು ಸಾರ್ ಅವರ ಮೊಬೈಲು.

ಮೊದಲು ಮಧ್ಯಾಹ್ನ ಹನ್ನೆರಡೂವರೆಗೆ ತೆಗೆದೆವು, ಅಕ್ಷರ ಕಾಣಲಿಲ್ಲ. ಸೀಮೆಸುಣ್ಣ ಉಜ್ಜಿದರೆ ಕಾಣುತ್ತದೆ ಎಂದು ಇಬ್ಬರು ಹುಡುಗರು ಆಗಲೇ ಜೇಬಿಗೆ ಕೈ ಹಾಕಿದ್ದರು, ಬೇಡ ಎಂದೆ. ಸಂಜೆ ಐದರ ಹೊತ್ತಿಗೆ ಬಿಸಿಲು ಕಲ್ಲಿನ ಮೈಮೇಲೆ ಓರೆಯಾಗಿ ಜಾರುವಾಗ ಮತ್ತೆ ಹೋದೆವು. ಕೊರೆದ ಗೆರೆಯ ಒಂದು ಅಂಚಿಗೆ ಬೆಳಕು, ಇನ್ನೊಂದಕ್ಕೆ ನೆರಳು. ಮೂರು ಸಾಲು ತಾವಾಗಿ ಎದ್ದು ಬಂದವು. ಎಡಿಟಿಂಗ್ ಪಾಠದ ಅರ್ಧ ಕೆಲಸ ಸೂರ್ಯನೇ ಮುಗಿಸಿಕೊಟ್ಟ ಎನ್ನಬೇಕು. ಬೆಳಕಿನ ಅಧ್ಯಾಯಕ್ಕೂ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ತೋಚುವುದಿಲ್ಲ.

ಮೂಲ ಚಿತ್ರವನ್ನೇ ಏಕೆ ತಿದ್ದಬಾರದು? 'ಹಾಳಾಗುತ್ತದೆ' ಎಂದರೆ ಮಕ್ಕಳು ನಂಬುವುದಿಲ್ಲ. ಹೊಳಪು ಹೆಚ್ಚಿಸಿದರೆ ಮತ್ತೆ ಕಡಿಮೆ ಮಾಡಬಹುದಲ್ಲ ಎನ್ನುತ್ತಾರೆ. ಹಾಗಾಗಿ ಕಂಪ್ಯೂಟರ್ ಬಿಟ್ಟು ಕಪ್ಪುಹಲಗೆಗೆ ಹೋದೆ. ಸಾಮಾನ್ಯ ಫೋಟೊದ ಕಪ್ಪು-ಬಿಳುಪು ರೂಪದಲ್ಲಿ ಪ್ರತಿ ಚುಕ್ಕಿಗೂ 0ರಿಂದ 255ರವರೆಗಿನ ಒಂದು ಬೆಲೆ. 0 ಕಪ್ಪು, 255 ಬಿಳಿ, ಅದರಾಚೆ ಜಾಗವಿಲ್ಲ. 150, 200, 220 ಬೆಲೆಯ ಮೂರು ಚುಕ್ಕಿಗಳನ್ನು ಬರೆದೆ. ಎಲ್ಲಕ್ಕೂ 60 ಕೂಡಿಸಿ. 150 ಎಂಬುದು 210 ಆಯಿತು. 200 ಎಂಬುದು 260 ಆಗಬೇಕಿತ್ತು, 255ಕ್ಕೆ ನಿಂತಿತು. 220 ಕೂಡ 255ಕ್ಕೇ ನಿಂತಿತು. ಈಗ 60 ಕಳೆಯಿರಿ. 150 ಮನೆಗೆ ಬಂತು. ಉಳಿದೆರಡೂ 195. "ಮಿಸ್, ಎರಡೂ ಒಂದೇ ಆಗೋಯ್ತು!" ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಆ ಎರಡು ಚುಕ್ಕಿಗಳ ನಡುವಿನ ವ್ಯತ್ಯಾಸವೇ ಒಂದು ಅಕ್ಷರದ ಅಂಚಾಗಿದ್ದರೆ, ಆ ಅಂಚು ಹೋಯಿತು. ಯಾವ ಗುಂಡಿ ಒತ್ತಿದರೂ ಬಾರದು. ಹಿಂದಕ್ಕೆ ಹೋಗಲಾಗದ ಫಂಕ್ಷನ್ ಎಂದರೆ ಏನು ಎಂದು ಗಣಿತದ ಅವಧಿಯಲ್ಲಿ ಇಷ್ಟು ಸಲೀಸಾಗಿ ಹೇಳಲು ನನಗೆ ಸಾಧ್ಯವಾಗಿಲ್ಲ.

ಆಮೇಲೆ ಗಿಂಪ್ ತೆರೆದೆವು. ಉಚಿತ ತಂತ್ರಾಂಶ, ನಮ್ಮ ಹಳೆಯ ಕಂಪ್ಯೂಟರ್‌ಗಳಲ್ಲೂ ಓಡುತ್ತದೆ. ಕೆಳಗಿನ ಪದರ ಮೂಲ ಫೋಟೊ. ಅದಕ್ಕೆ ಬೀಗದ ಗುರುತು ಒತ್ತಿ ಬಿಟ್ಟೆವು. ಅದರ ನಕಲು ಪದರವೊಂದನ್ನು ಮಾಡಿ, ನೆರಳು ಬೆಳಕು ತಿದ್ದುವುದೆಲ್ಲ ಅದರ ಮೇಲೆ. ಬೇಡದ ಭಾಗವನ್ನು ಇರೇಸರಿನಿಂದ ಅಳಿಸುವ ಬದಲು ಆ ಪದರಕ್ಕೆ ಮಾಸ್ಕ್ ತೊಡಿಸಿದೆವು: ಮಾಸ್ಕಿನ ಮೇಲೆ ಕಪ್ಪು ಬಳಿದಲ್ಲಿ ಪದರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಮರೆಯಾದದ್ದು ಎಲ್ಲೂ ಹೋಗಿರುವುದಿಲ್ಲ. 2025ರ ಮಾರ್ಚಿನಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರುಗಳನ್ನೂ ಹೀಗೆ ಪ್ರತ್ಯೇಕವಾಗಿ ಇಟ್ಟುಕೊಂಡು ಆಮೇಲೆ ಬದಲಿಸಬಹುದು. ನಮ್ಮಲ್ಲಿದ್ದದ್ದು 2.10, ಅದರಲ್ಲಿ ಫಿಲ್ಟರ್ ಹಾಕಿದರೆ ಪದರದೊಳಗೇ ಬೆರೆತುಹೋಗುತ್ತದೆ. ಪ್ರತಿ ಪ್ರಯತ್ನಕ್ಕೂ ಹೊಸ ನಕಲು ಮಾಡಿಕೊಳ್ಳಬೇಕಾಯಿತು, ಕಂಪ್ಯೂಟರ್ ತೆವಳಿತು. ಬೋಧನೆಯ ದೃಷ್ಟಿಯಿಂದ ಹಳೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಯಾವುದು ಮೂಲ, ಯಾವುದು ತಿದ್ದಿದ್ದು ಎಂದು ಪ್ರತಿ ಸಲ ಕೈಯಾರೆ ಬೇರ್ಪಡಿಸಬೇಕಾಗುತ್ತದೆ.

ಕೊನೆಯ ಪದರ ಬರೀ ಪಾರದರ್ಶಕ ಹಾಳೆ. ಕಂಡ ಅಕ್ಷರದ ಮೇಲೆ ಕೆಂಪು ಗೆರೆ ಎಳೆಯಿರಿ ಎಂದೆ. ವಿಷಯ ಬಿಗಿಯಾದದ್ದು ಇಲ್ಲೇ. ಎರಡನೇ ಸಾಲಿನಲ್ಲಿ ಅಂಗೈ ಅಗಲದ ಚಕ್ಕೆ ಎದ್ದುಹೋಗಿದೆ. ಒಬ್ಬ ಹುಡುಗ ಆ ಜಾಗದಲ್ಲಿ ಎರಡು ಅಕ್ಷರ ತುಂಬಿ, ಸಾಲು ತಮ್ಮೂರಿನ ಹೆಸರಾಗುವಂತೆ ಮಾಡಿದ್ದ. ನೋಡಿದವರಿಗೆಲ್ಲ ಖುಷಿ. ಭಿತ್ತಿಪತ್ರಿಕೆಗೆ ಇದೇ ಹೋಗಲಿ ಎಂದು ತರಗತಿಯ ಒತ್ತಾಯ. ಪೋಷಕರ ಸಭೆಯೂ ಹತ್ತಿರದಲ್ಲಿತ್ತು. ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಪದರಗಳಿರುವುದಿಲ್ಲ. ಯಾರೋ ಅದರ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಎರಡು ವರ್ಷದಲ್ಲಿ ಕಲ್ಲಿನ ಮೇಲೇ ಹಾಗಿದೆ ಎಂಬ ಮಾತು ನಿಲ್ಲುತ್ತದೆ.

ನಾನು ಮಾಡಿದ್ದು ಇಷ್ಟೇ: ಕೆಂಪು ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿದೆ. ಅಕ್ಷರ ಮಾಯವಾಯಿತು, ಚಕ್ಕೆ ಎದ್ದ ಕಲ್ಲು ಬಂತು. ಮತ್ತೆ ಒತ್ತಿದೆ, ಅಕ್ಷರ ಬಂತು. ತರಗತಿ ಸುಮ್ಮನಾಯಿತು. ಹುಡುಗ, "ಹಂಗಾದ್ರೆ ನಾನು ಸುಳ್ಳು ಬರ್ದಿದೀನಾ ಮಿಸ್?" ಎಂದ. ಆ ಪ್ರಶ್ನೆಗೆ ಸಿದ್ಧ ಉತ್ತರ ಯಾವ ಪಾಠಯೋಜನೆಯಲ್ಲೂ ಇರುವುದಿಲ್ಲ. "ಇಲ್ಲಪ್ಪ, ಊಹೆ ಬರ್ದಿದೀಯ. ಬೇರೆ ಪದರದಲ್ಲಿ ಬರ್ದಿದೀಯಲ್ಲ, ಅದಕ್ಕೇ ಅದನ್ನ ಊಹೆ ಅಂತ ಹೇಳೋಕಾಗ್ತಿದೆ" ಎಂದೆ. ಶಾಸನ ಓದುವವರೂ ಅಳಿದ ಅಕ್ಷರಕ್ಕೆ ಚುಕ್ಕಿ ಇಡುತ್ತಾರೆ, ಊಹಿಸಿದ್ದನ್ನು ಆವರಣದೊಳಗೆ ಹಾಕುತ್ತಾರೆ ಎಂದು ಸಾರ್ ಸೇರಿಸಿದರು. ಹುಡುಗ ಆ ಎರಡು ಅಕ್ಷರಗಳನ್ನು ಇನ್ನೊಂದು ಪದರಕ್ಕೆ ಸಾಗಿಸಿ ಬಣ್ಣವನ್ನು ನೀಲಿ ಮಾಡಿದ. ನೀಲಿ ಎಂದರೆ ಊಹೆ ಎಂಬ ನಿಯಮ ತರಗತಿಯದೇ.

ಮೌಲ್ಯಮಾಪನದ ಮಾತು. ಗಿಂಪ್‌ನಲ್ಲಿ 'ಸೇವ್' ಎಂದರೆ ಪದರಗಳೆಲ್ಲ ಉಳಿಯುವ ಎಕ್ಸ್‌ಸಿಎಫ್ ಕಡತ. 'ಎಕ್ಸ್‌ಪೋರ್ಟ್' ಮಾಡಿದ ಜೆಪೆಗ್‌ನಲ್ಲಿ ಎಲ್ಲ ಒಂದೇ ಹಾಳೆಯಾಗಿ ಚಪ್ಪಟೆಯಾಗಿರುತ್ತದೆ. ಜೆಪೆಗ್ ಮಾತ್ರ ನೋಡಿ ಅಂಕ ಕೊಟ್ಟರೆ ಚೆಂದದ ಚಿತ್ರಕ್ಕೆ ಅಂಕ ಹೋಗುತ್ತದೆ. ಎಕ್ಸ್‌ಸಿಎಫ್ ತೆರೆದು, ಮೂಲ ಪದರ ಹಾಗೇ ಇದೆಯೇ, ಕಂಡದ್ದೂ ಊಹಿಸಿದ್ದೂ ಬೇರೆ ಇವೆಯೇ ಎಂದು ನೋಡಿ ಹತ್ತರಲ್ಲಿ ಆರು ಅಂಕ ಇಟ್ಟೆ. ಕಡತ ದೊಡ್ಡದು, ತೆರೆಯಲು ಸಮಯ ಬೇಕು ನಿಜ. ಕಂಪ್ಯೂಟರ್ ಸರದಿ ಸಿಗದವರು ಮನೆಯ ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಬಳಸಿದರು. ಅದರಲ್ಲೂ ಮಾಡಿದ ತಿದ್ದುಪಡಿಗಳ ಪಟ್ಟಿ ತೆರೆದು ಒಂದೊಂದನ್ನೇ ಬದಲಿಸಬಹುದು, ತೆಗೆಯಬಹುದು.

ಭಿತ್ತಿಪತ್ರಿಕೆಯಲ್ಲಿ ಎರಡು ಚಿತ್ರ ಅಂಟಿಸಿದೆವು, ಬರೀ ಕಲ್ಲು ಮತ್ತು ಕೆಂಪು-ನೀಲಿ ಗೆರೆಯ ಕಲ್ಲು. ಸಭೆಗೆ ಬಂದ ಅಜ್ಜರೊಬ್ಬರು ನೀಲಿ ಅಕ್ಷರ ತೋರಿಸಿ ಇದ್ಯಾಕೆ ಬೇರೆ ಬಣ್ಣ ಎಂದರು. ವಿವರಿಸಿದವನು ಆ ಹುಡುಗನೇ. ರೈಸ್ ಅವರ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ ಎಂದು ಸಾರ್ ಹೇಳಿದ ಮೇಲೆ ನಾಲ್ವರು ಮಕ್ಕಳು ದೊಡ್ಡಬಳ್ಳಾಪುರ ತಾಲ್ಲೂಕಿನ ಪುಟಗಳಲ್ಲಿ ನಮ್ಮ ಕಲ್ಲನ್ನು ಹುಡುಕುತ್ತಿದ್ದಾರೆ. ನಾನು ಕಾಲೇಜಿಗೆ ಮರಳುವ ದಿನದವರೆಗೆ ಸಿಕ್ಕಿರಲಿಲ್ಲ.