ಪಾದದಲ್ಲಿ ಬದಲಾಗುವ ದನಿ

ಹೊಳವನಹಳ್ಳಿ ಕಡೆಯ ಜಾತ್ರೆಗಳಲ್ಲಿ ರಸಮಂಜರಿ ನಡೆದರೆ ನಾವು ಗಾಯಕರ ಮುಖವನ್ನೇ ನೋಡುತ್ತೇವೆ. ಒಮ್ಮೆ ಗಿಟಾರ್ ನುಡಿಸುವವರ ಪಾದ ನೋಡಿ. ಅಲ್ಲೊಂದು ಪೆಡಲ್ ಇರುತ್ತದೆ. 1981ರ 'ಗೀತಾ' ಚಿತ್ರದ ಹಾಡಿಗೆ ತಿಳಿಯಾದ ದನಿ, ಕುಣಿಯುವ ಹಾಡಿಗೆ ಒರಟು ಡಿಸ್ಟಾರ್ಷನ್, ವಿರಹಕ್ಕೆ ಮಾರ್ದನಿಸುವ ಡಿಲೇ. ಪಲ್ಲವಿ ಮುಗಿದ ಅರೆಕ್ಷಣದಲ್ಲಿ ಸ್ವಿಚ್ ಒತ್ತಬೇಕು, ಕೈ ನಿಲ್ಲುವಂತಿಲ್ಲ.

ದನಿ ಬದಲಾದಾಗ ಸದ್ದು ಏರಿದರೆ ಗಾಯಕರು ಕೇಳಿಸುವುದೇ ಇಲ್ಲ. ಅದಕ್ಕೇ ಒಳ್ಳೆಯ ಕಲಾವಿದರು ಸಂಜೆಯೇ, ಅದೇ ಮೈದಾನದ ಸ್ಪೀಕರಿನಲ್ಲಿ, ಎಲ್ಲ ದನಿಗಳ ಮಟ್ಟ ಸರಿಮಾಡಿ ಹಾಡುಗಳ ಸರದಿಯಂತೆ ಜೋಡಿಸಿಕೊಳ್ಳುತ್ತಾರೆ. ನಡುವೆ ನಮ್ಮ ಚೀಟಿ ಹೋದರೆ ಸರದಿ ತಪ್ಪುತ್ತದೆ. ಆದರೂ ಹುಡುಕಿ ನುಡಿಸುತ್ತಾರೆ.

ಈಗ ಎಷ್ಟೋ ಕಡೆ ಡಿಜೆ ಸಾಕು ಅನ್ನುತ್ತೇವೆ. ನಮಗಾಗಿ ದನಿ ಹುಡುಕುವ ಪಾದ ಅಲ್ಲಿರುವುದಿಲ್ಲ. ಮುಂದಿನ ಜಾತ್ರೆ ಸಭೆಯಲ್ಲಿ ಇದನ್ನೂ ಮಾತಾಡೋಣ.