ಒಂದು ಸಂಪರ್ಕ, ಎರಡು ಗಣಕಯಂತ್ರ

ಒಂದೇ ಅಂತರಜಾಲ ಸಂಪರ್ಕವನ್ನು ಮನೆಯ ಎರಡು ಗಣಕಯಂತ್ರಗಳು ಹಂಚಿಕೊಳ್ಳುವುದು ಇಂದು ಸರ್ವಸಾಮಾನ್ಯ. ಇದರಲ್ಲಿ ನ್ಯಾಯಾನ್ಯಾಯದ ವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಹಂಚಿಕೆಯೆಂದ ಮೇಲೆ ಯಾರ ಪಾಲು ಎಷ್ಟೆಂಬ ಪ್ರಶ್ನೆ ಇದ್ದೇ ಇರುತ್ತದೆ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಸಂಪರ್ಕ ಹಂಚುವ ಸೌಲಭ್ಯವಿತ್ತು. ದೂರವಾಣಿ ತಂತಿಗೆ ಜೋಡಿಸಿದ ಗಣಕಯಂತ್ರವು ಚಾಲನೆಯಲ್ಲಿದ್ದರೆ ಮಾತ್ರ ಎರಡನೆಯದಕ್ಕೂ ಅಂತರಜಾಲ ದೊರೆಯುತ್ತಿತ್ತು. ಹಿರಿಯರು ತಮ್ಮ ಯಂತ್ರ ನಿಲ್ಲಿಸಿ ಮಲಗಿದರೆ ಕಿರಿಯರ ಕೆಲಸವೂ ನಿಂತಂತೆಯೇ. ಈಗ ಆ ಹೊಣೆಯನ್ನು ರೌಟರ್ ಎಂಬ ಚಿಕ್ಕ ಪೆಟ್ಟಿಗೆ ಹೊತ್ತಿದೆ.

ರೌಟರಿನದು ಕಿರ್ದಿ ಬರೆಯುವ ಗುಮಾಸ್ತನ ಕೆಲಸ. ಐಪಿ ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಗತ್ತಿನ ಎಲ್ಲ ಯಂತ್ರಗಳಿಗೆ ಅವು ಸಾಲವು. ಆದುದರಿಂದ ಆ ಕ್ರಮದಲ್ಲಿ ಹೊರಗಿನವರಿಗೆ ಇಡೀ ಮನೆ ಒಂದೇ ವಿಳಾಸವಾಗಿ ಕಾಣುತ್ತದೆ. ಒಳಗಿನ ಯಾವ ಯಂತ್ರ ಯಾರನ್ನು ಕೇಳಿತೆಂಬುದನ್ನು ರೌಟರ್ ಒಂದು ಅಂಕೆಯೊಡನೆ ಬರೆದಿಟ್ಟುಕೊಂಡು, ಮರಳಿ ಬಂದ ಉತ್ತರವನ್ನು ಕೇಳಿದವರಿಗೇ ಒಪ್ಪಿಸುತ್ತದೆ. (ಅಂಗಡಿಗೆ ಇಂತಹ ಗುಮಾಸ್ತರು ದೊರೆತರೆ ಪುಣ್ಯ.)

ವೇಗದ ಹಂಚಿಕೆಯಲ್ಲಿ ಮಾತ್ರ ಅದಕ್ಕೆ ಈ ಶಿಸ್ತಿಲ್ಲ. ಸಾಮಾನ್ಯ ರೌಟರ್ ಇಬ್ಬರಿಗೆ ಅರ್ಧ ಅರ್ಧ ಎಂದು ಅಳೆದು ಕೊಡುವುದಿಲ್ಲ. ಒಂದು ಯಂತ್ರ ಹತ್ತು ಎಳೆಗಳಲ್ಲಿ ಕಡತಗಳನ್ನು ಇಳಿಸಿಕೊಳ್ಳುತ್ತಿದ್ದು ಇನ್ನೊಂದು ಒಂದೇ ಎಳೆಯನ್ನು ನಂಬಿದ್ದರೆ, ಬಹುಪಾಲು ಮೊದಲನೆಯದಕ್ಕೇ ಹೋಗುತ್ತದೆ.

2020ರಲ್ಲಿ ಶಾಲೆಗಳು ಮುಚ್ಚಿ ಅಂತರಜಾಲದಲ್ಲಿ ಪಾಠಗಳು ನಡೆದಾಗ ಇದರ ಬಿಸಿ ಅನೇಕ ಮನೆಗಳಿಗೆ ತಟ್ಟಿತು. ಸಹೋದರರು ಕೂಡಿ ಬಾಳುವ ಒಂದು ವ್ಯಾಪಾರಿ ಮನೆಯಲ್ಲಿ ಹಿರಿಯರು ಬೆಳಿಗ್ಗೆ ಅಂಗಡಿಯ ದಾಖಲೆಗಳ ಪ್ರತಿಗಳನ್ನು ರಾಶಿರಾಶಿಯಾಗಿ ಕಳುಹಿಸುತ್ತಿದ್ದರು. ಅದೇ ವೇಳೆಗೆ ತಮ್ಮನ ಮಗಳ ತರಗತಿ ತಡೆತಡೆದು ನಿಲ್ಲುತ್ತಿತ್ತು. ಹಾಜರಿ ಕೂಗಿದಾಗ ಹುಡುಗಿಯ ದನಿ ಶಿಕ್ಷಕಿಗೆ ಮುಟ್ಟದೆ ಗೈರುಹಾಜರಿ ಬಿತ್ತು. ದೊಡ್ಡಪ್ಪನಿಗೆ ಹೇಳಲು ಅವಳಿಗೆ ಸಂಕೋಚ. ತಿಂಗಳ ಹಣ ಕಟ್ಟುತ್ತಿದ್ದವರು ಅವರೇ. ಅವರೋ ತಮ್ಮ ಕಡತಗಳು ತಲುಪುತ್ತಿದ್ದುದರಿಂದ ಸಂಪರ್ಕ ಚೆನ್ನಾಗಿದೆಯೆಂದೇ ನಂಬಿದ್ದರು. ಹೆಚ್ಚು ಪಾಲು ಪಡೆದವರಿಗೆ ಕೊರತೆ ಕಾಣದಿರುವುದು ಈ ಯಂತ್ರದಲ್ಲಿಯೂ ಹಾಗೆಯೇ ಇದೆ.

ಕಾರಣ ಸರಳ. ಅನೇಕ ಸಂಪರ್ಕಗಳಲ್ಲಿ ಕಳುಹಿಸುವ ದಾರಿ ತರಿಸಿಕೊಳ್ಳುವ ದಾರಿಗಿಂತ ಕಿರಿದು. ಅಲ್ಲಿ ಕಡತಗಳು ಸಾಲುಗಟ್ಟಿದರೆ ‘ತಲುಪಿತು’ ಎಂದು ತಿಳಿಸುವ ರಸೀತಿಗಳೂ ಹಿಂದೆ ಉಳಿದು, ಬರಬೇಕಾದ ಮಾಹಿತಿಯೂ ನಿಧಾನವಾಗುತ್ತದೆ. ಕೆಲವು ರೌಟರ್‌ಗಳಲ್ಲಿ ಆದ್ಯತೆಯನ್ನು ಗೊತ್ತುಪಡಿಸಬಹುದು. ಕೆಲವು ತಂತ್ರಾಂಶಗಳಲ್ಲಿ ಕಳುಹಿಸುವ ವೇಗಕ್ಕೆ ಮಿತಿ ಹಾಕಬಹುದು.

ಬಂಡವಾಳಕ್ಕೆ ತಕ್ಕ ಲಾಭವೆಂಬುದು ಪಾಲುದಾರಿಕೆಯ ಅಂಗಡಿಯಲ್ಲಿ ಸರಿಯೇ. ಮನೆಯ ಸಂಪರ್ಕಕ್ಕೆ ಆ ಲೆಕ್ಕ ಹೊಂದದು. ಕಡತವು ಗಂಟೆ ತಡವಾಗಿ ಹೋದರೂ ಕಡತವೇ. ತರಗತಿಯಲ್ಲಿ ತಪ್ಪಿದ ಮಾತು ಆ ಹೊತ್ತಿಗೆ ತಪ್ಪಿದಂತೆಯೇ.

ಗೈರುಹಾಜರಿಯ ಸುದ್ದಿ ಕಿವಿಗೆ ಬಿದ್ದ ಬಳಿಕ ಆ ಹಿರಿಯರು ಹೊಸ ಯಂತ್ರವನ್ನೇನೂ ಕೊಳ್ಳಲಿಲ್ಲ. ದಾಖಲೆ ಕಳುಹಿಸುವ ಕೆಲಸವನ್ನು ರಾತ್ರಿಗೆ ಇಟ್ಟುಕೊಂಡರು. ಬೆಳಿಗ್ಗೆ ತುರ್ತು ಬಿದ್ದ ದಿನ, “ನಿನ್ನ ಪಾಠ ಎಷ್ಟು ಹೊತ್ತಿಗೆ ಮುಗಿಯುತ್ತದಮ್ಮ?” ಎಂದು ಮಗುವನ್ನು ಕೇಳಿಯೇ ಕಳುಹಿಸುತ್ತಿದ್ದರು.