ಗಂಟಲು ಒಡೆದ ವರ್ಷ

ಹೈಸ್ಕೂಲಿನಲ್ಲಿ ಹಾಡುಗಾರಿಕೆ ಕಲಿಯೋ ಹುಡುಗರಿಗೆ ಒಂದು ವಿಚಿತ್ರ ತೊಂದರೆ ಇದೆ. ಚಿತ್ರ ಬಿಡಿಸೋನ ಕೈ ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಇದ್ದಕ್ಕಿದ್ದ ಹಾಗೆ ಬೇರೆ ಯಾರದ್ದೋ ಕೈ ಆಗಿಬಿಡಲ್ಲ. ಹಾಡೋನ ಗಂಟಲು ಮಾತ್ರ ಹಾಗೇ ಆಗುತ್ತೆ! ಧ್ವನಿಪೆಟ್ಟಿಗೆ ಬೆಳೆಯುತ್ತೆ, ಒಳಗಿನ ತಂತುಗಳು ಉದ್ದ ಆಗ್ತವೆ, ದಪ್ಪ ಆಗ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತೆ. ಅದೂ ಒಂದೇ ದಿನದಲ್ಲಿ ಇಳಿದು ಕೂತ್ಕೊಳ್ಳಲ್ಲ. ತಿಂಗಳುಗಟ್ಟಲೆ ಮೇಲೆ ಕೆಳಗೆ ಓಡಾಡ್ತಾ ಇರುತ್ತೆ. ಹುಡುಗಿಯರ ದನಿಯೂ ಆ ವಯಸ್ಸಿನಲ್ಲಿ ಬದಲಾಗುತ್ತೆ, ಆದ್ರೆ ಇಷ್ಟು ರಂಪ ಇಲ್ಲ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಅನುದಾನಿತ ಶಾಲೆ. ಮ್ಯೂಸಿಕ್ ಮಿಸ್ ಇದ್ದರು ಅನ್ನೋದೇ ನಮ್ಮ ಪುಣ್ಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ಕ್ಲಾಸಿನವರೆಗೂ ಕಲೆ ಒಂದು ವಿಷಯ ಆಗಿರಬೇಕು ಅಂತ ಹೇಳಿದೆಯಂತೆ. ನಾನು ಎಂಟನೇ ಕ್ಲಾಸು ಸೇರಿದ್ದು 2010ರಲ್ಲಿ. ಆ ಹೊತ್ತಿಗೂ ಸುತ್ತಮುತ್ತಲ ಶಾಲೆಗಳಲ್ಲಿ ಸಂಗೀತ ಅಂದ್ರೆ ಬೆಳಗ್ಗಿನ ಪ್ರಾರ್ಥನೆ, ಬಿಇಓ ಸಾಹೇಬರು ಬಂದಾಗ ಸ್ವಾಗತ ಗೀತೆ, ಅಷ್ಟೇ. ನಮಗೆ ವಾರಕ್ಕೊಂದು ಪೀರಿಯಡ್ಡು, ಜೊತೆಗೆ ಜೂನಿಯರ್ ಪರೀಕ್ಷೆ ಕಟ್ಟೋರಿಗೆ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಪಾಠ. ಜೂನಿಯರ್ ಅಂದ್ರೆ ಆಗ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯವರೇ ನಡೆಸ್ತಿದ್ದ ಸಂಗೀತ ಪರೀಕ್ಷೆ. ಎಸ್ಸೆಸ್ಸೆಲ್ಸಿ ಮಾಡೋ ಮಂಡಳಿಯೇ ಇದನ್ನೂ ಮಾಡ್ತಿದ್ದರಿಂದ ಮನೆಯಲ್ಲಿ ಸ್ವಲ್ಪ ಮರ್ಯಾದೆ ಇತ್ತು :-)

ಸಂಜೆ ಪಾಠಕ್ಕೆ ಹನ್ನೊಂದು ಜನ. ಒಂಬತ್ತು ಹುಡುಗಿಯರು, ನಾವಿಬ್ಬರು ಹುಡುಗರು.

ಸಂಗೀತ ಕಲಿತವರಿಗೆಲ್ಲ ಗೊತ್ತು, ಶುರು ಆಗೋದು ಮಾಯಾಮಾಳವಗೌಳದ ಸರಳೆ ವರಸೆಯಿಂದ. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ಹೇಳ್ತಾರೆ. ಇದೇ ರಾಗ ಯಾಕೆ ಅಂತ ಕೇಳಿದ್ದಕ್ಕೆ ಮಿಸ್ ಹಾರ್ಮೋನಿಯಂ ಮೇಲೆ ಬೆರಳಿಟ್ಟು ತೋರಿಸಿದ್ದರು. ಸ-ರಿ ಹತ್ತಿರ, ರಿ-ಗ ದೂರ, ಗ-ಮ ಹತ್ತಿರ. ಆಮೇಲೆ ಪ-ದ ಹತ್ತಿರ, ದ-ನಿ ದೂರ, ನಿ-ಸ ಹತ್ತಿರ. ಕೆಳಗಿನ ಅರ್ಧದ ಅಚ್ಚೇ ಮೇಲಿನ ಅರ್ಧ. ಅರ್ಧ ಕಲಿತ್ರೆ ಪೂರ್ತಿ ಕಲಿತ ಹಾಗೆ. (ಈಗ ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಫಂಕ್ಷನ್ನು, ಎರಡು ಸಲ ಕಾಲ್ ಮಾಡೋದು!)

ಈ ಲೆಕ್ಕಾಚಾರ ನನಗೆ ಹಿಡಿಸಿಬಿಡ್ತು. ಸ, ಪ ಎರಡೂ ಕದಲಲ್ಲ. ರಿ-ಗಕ್ಕೆ ಇರೋ ನಾಲ್ಕು ಜಾಗದಲ್ಲಿ ಎರಡನ್ನ ಆರಿಸೋಕೆ ಆರು ದಾರಿ, ದ-ನಿಗೂ ಆರು, ಮ ಎರಡು. ಆರಾರು ಮೂವತ್ತಾರು, ಇಂಟು ಎರಡು, ಎಪ್ಪತ್ತೆರಡು ಮೇಳ. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ಇದನ್ನ ಹಾಕಿಟ್ಟಿದ್ದಾನೆ. ಮುಂದೆ ಗಣಿತದಲ್ಲಿ ವಿಕಲ್ಪ ಅಂತ ಪಾಠ ಬಂದಾಗ ಕ್ಲಾಸೆಲ್ಲ ತಲೆ ಕೆರಕೊಳ್ತಿದ್ರೆ ನಾನು ರಿ-ಗ ನೆನೆಸ್ಕೊಂಡು ಕೂತಿದ್ದೆ. ಇನ್ನು ಕಟಪಯಾದಿ. ರಾಗದ ಹೆಸರಿನ ಮೊದಲೆರಡು ಅಕ್ಷರದಲ್ಲೇ ಅದರ ನಂಬರು. ಮಾಯಾ, ಅಂದ್ರೆ ಮ ಐದು, ಯ ಒಂದು, ತಿರುಗಿಸಿದ್ರೆ ಹದಿನೈದು. ಮೇಚಕಲ್ಯಾಣಿ ಅರವತ್ತೈದು. ನಂಬರು ಹೊಂದಬೇಕು ಅಂತ ಕಲ್ಯಾಣಿಗೆ 'ಮೇಚ', ಶಂಕರಾಭರಣಕ್ಕೆ 'ಧೀರ' ಅಂಟಿಸಿದ್ದಾರೆ ಅಂತ ಗೊತ್ತಾದಾಗ ಆದ ಖುಷಿ ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಎಷ್ಟು ಸಲ ಆಯ್ತೋ ಬೆರಳಲ್ಲಿ ಎಣಿಸಬಹುದು.

ಇರಲಿ. ಒಂಬತ್ತನೇ ಕ್ಲಾಸಿನ ದಸರಾ ರಜೆ ಮುಗಿಸ್ಕೊಂಡು ಬಂದೆ. ಐದು ಮನೆ ಶ್ರುತಿ, ಹುಡುಗಿಯರ ಜೊತೆಗೇ ಹಾಡ್ತಿದ್ದೋನು. ತಾರಸ್ಥಾಯಿ ಷಡ್ಜಕ್ಕೆ ಹೋದ್ರೆ ದನಿ ಎರಡಾಗಿ ಸೀಳ್ತು. ಒಂದು ಕೋಳಿ, ಒಂದು ಎಮ್ಮೆ. ಎಲ್ಲರೂ ನಕ್ಕರು. ಮಿಸ್ "ಏನೋ, ಶೀತಾನಾ?" ಅಂದ್ರು. ಒಂದು ವಾರ ಕಷಾಯ ಕುಡಿದಿದ್ದೂ ಆಯ್ತು. ಶೀತ ಅಲ್ಲ ಅಂತ ಆಮೇಲೆ ಎಲ್ಲರಿಗೂ ಅರ್ಥ ಆಯ್ತು.

ಜೊತೆಗಿದ್ದ ಹುಡುಗನಿಗೂ ಅದೇ ಗತಿ. ಅವನು ಹದಿನೈದು ದಿನದಲ್ಲಿ ಬಿಟ್ಟು ವಾಲಿಬಾಲ್ ಸೇರಿದ. ನನಗಿಂತ ಚೆನ್ನಾಗಿ ಹಾಡ್ತಿದ್ದ, ಸುಳ್ಳಲ್ಲ. ನಮ್ಮಪ್ಪ ಬೈಯ್ಯಲಿಲ್ಲ. "ಗಂಟಲೇ ಬಿಡು ಅಂತ ಹೇಳ್ತಿದೆಯಲ್ಲೋ, ಹೇಗೂ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ" ಅಂದ್ರು, ಅಷ್ಟೇ. ಜಗಳ ಆಡೋಕೂ ಜಾಗ ಇಲ್ಲದ ಮಾತು ಅದು.

ಮಿಸ್ ಮಾತ್ರ ಬಿಡಲಿಲ್ಲ. "ನಾಳೆಯಿಂದ ನನ್ನ ಪಕ್ಕ ಕೂತ್ಕೋ. ಹಾಡ್ಬೇಡ, ತಾಳ ಹಾಕು" ಅಂದ್ರು. ಎರಡು ತಿಂಗಳು ಅದೇ ಕೆಲಸ. ಹುಡುಗಿಯರು ಸಪ್ತತಾಳದ ಅಲಂಕಾರ ಹಾಡೋದು, ನಾನು ಕೈಯಲ್ಲಿ ಲೆಕ್ಕ ಇಡೋದು. ಝಂಪೆ ತಾಳದ ಹತ್ತಿರ ಎಲ್ಲರೂ ಎಡವ್ತಿದ್ರು. ಒಂದು ಪೆಟ್ಟು, ಆರು ಬೆರಳೆಣಿಕೆ, ಆಮೇಲೆ ಅನುದ್ರುತದ ಒಂದೇ ಪೆಟ್ಟು, ಕೊನೆಗೆ ದ್ರುತದ ಪೆಟ್ಟು-ಬೀಸು. ಒಟ್ಟು ಹತ್ತು. ನಡುವಿನ ಆ ಒಂಟಿ ಪೆಟ್ಟನ್ನ ನುಂಗಿಬಿಡ್ತಿದ್ರು. ಎಲ್ಲಿ ನುಂಗಿದ್ರು ಅಂತ ಹೇಳೋದು ನನ್ನ ಕೆಲಸ. ಬಾಯಿ ಮುಚ್ಕೊಂಡು ಕೂತ ಆ ಎರಡು ತಿಂಗಳಲ್ಲೇ ನನಗೆ ಕೇಳೋದು ಬಂದಿದ್ದು. ಅಲ್ಲಿವರೆಗೆ ನನ್ನ ದನಿ ಮಾತ್ರ ಕೇಳ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದಿನ ಎಲ್ಲರನ್ನೂ ಕಳಿಸಿ ನನ್ನೊಬ್ಬನನ್ನೇ ಕೂರಿಸ್ಕೊಂಡ್ರು. ಶ್ರುತಿ ಪೆಟ್ಟಿಗೆ ಕಿವಿ ತಿರುಗಿಸಿ ಒಂದು ಮನೆಗೆ ಇಳಿಸಿದ್ರು. ಐದರಿಂದ ಒಂದು! ನಮ್ಮ ಪಾಠದ ಕೋಣೆಯಲ್ಲಿ ಅಷ್ಟು ತಗ್ಗಿನ ಶ್ರುತಿ ನಾನು ಕೇಳೇ ಇರಲಿಲ್ಲ. ಸ-ರಿ-ಗ-ಮ, ಅಷ್ಟೇ ಹಾಡು ಅಂದ್ರು. ಅದು ನಿಂತ ಮೇಲೆ ಪ-ದ-ನಿ-ಸ. "ಅಚ್ಚು ಅದೇ ಕಣೋ, ಹೆದರ್ಬೇಡ" ಅಂದ್ರು. ಮೊದಲ ದಿನ ಕಲಿತ ಸರಳೆಯನ್ನ ಮತ್ತೆ ಮೊದಲಿನಿಂದ, ಹೊಸ ಗಂಟಲಲ್ಲಿ. ಅವರು ತಮ್ಮ ದನಿಗೆ ಸಿಗದ ಶ್ರುತಿಯಲ್ಲಿ ನನಗೆ ಪಾಠ ಹೇಳ್ತಿದ್ರು, ಹೆಚ್ಚಾಗಿ ಹಾರ್ಮೋನಿಯಂ ನುಡಿಸಿ ತೋರಿಸ್ತಾ. ಇದಕ್ಕೆ ಅವರಿಗೆ ಒಂದು ಪೈಸೆ ಜಾಸ್ತಿ ಬರ್ತಿರಲಿಲ್ಲ.

ಪರೀಕ್ಷೆ ದಿನ ಹುಡುಗಿಯರೆಲ್ಲ ಒಂದೇ ಶ್ರುತಿಯಲ್ಲಿ ಮುಗಿಸಿ ಬಂದ್ರು. ನನ್ನ ಸರದಿ ಬಂದಾಗ ಶ್ರುತಿ ಇಳಿಸ್ಬೇಕು ಸಾರ್ ಅಂದೆ. ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ ತಾವೇ ಇಳಿಸಿದ್ರು. ಮಲಹರಿಯ ಪಿಳ್ಳಾರಿ ಗೀತೆ ದಾಟಿತು. ವರ್ಣದಲ್ಲಿ ಮೇಲಿನ ಒಂದು ಜಾಗದಲ್ಲಿ ಸೀಳಿತು. ಝಂಪೆಯನ್ನ ಎರಡನೇ ಕಾಲದಲ್ಲಿ ಕೇಳಿದ್ರು, ಅದೊಂದು ಮಾತ್ರ ನೀರು ಕುಡಿದಷ್ಟು ಸುಲಭ. ಪಾಸು. ಅಂಕ ಹೇಳ್ಕೊಳ್ಳೋ ಹಾಗೇನಿಲ್ಲ.

ಹತ್ತನೇ ಕ್ಲಾಸಲ್ಲಿ ಸಂಗೀತದ ಪೀರಿಯಡ್ಡನ್ನ ಗಣಿತಕ್ಕೆ ಕೊಟ್ಟರು. ಯಾರೂ ಕೇಳಲಿಲ್ಲ, ಕೇಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಸೀನಿಯರ್ ನಾನು ಕಟ್ಟಲಿಲ್ಲ. ಪಿಯುಸಿ, ಸಿಇಟಿ, ಬೆಂಗಳೂರು, ಮುಂದಿನದು ನಿಮಗೆಲ್ಲ ಗೊತ್ತಿರೋ ಕಥೆಯೇ. ನಮ್ಮದೇ ಜಿಲ್ಲೆಯ ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್, 1920ರಲ್ಲಿ ಹುಟ್ಟಿದವರು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದ್ರು. ಅವರ ರೆಕಾರ್ಡಿಂಗ್ ಕೇಳುವಾಗೆಲ್ಲ, ಇವರೂ ಹದಿನಾಲ್ಕನೇ ವಯಸ್ಸಿನಲ್ಲಿ ಒಂದಷ್ಟು ತಿಂಗಳು ಕೋಳಿ-ಎಮ್ಮೆ ಆಗಿದ್ದಿರಬೇಕಲ್ಲ ಅಂತ ಯೋಚಿಸ್ತೀನಿ. ನಾನು ಈಗಲೂ ರಾತ್ರಿ ರೂಮಲ್ಲಿ ಮೊಬೈಲಿನ ತಂಬೂರಿ ಹಾಕ್ಕೊಂಡು ಹಾಡ್ತೀನಿ. ಒಂದು ಮನೆ. ರೂಮ್‌ಮೇಟು ಹೆಡ್‌ಫೋನು ಹಾಕ್ಕೊಳ್ತಾನೆ, ಪಾಪ.

ದೊಡ್ಡಮ್ಮನ ಮಗಳು, ನಮ್ಮಕ್ಕ, ಅವಳ ಮಗ ಈ ವರ್ಷ ಎಂಟನೇ ಕ್ಲಾಸು, ಸಂಗೀತಕ್ಕೆ ಹೋಗ್ತಾನೆ. ಹೋದ ತಿಂಗಳು ಫೋನ್ ಮಾಡಿದಾಗ ಆ ಕಡೆಯಿಂದ "ಹಲೋ" ಅಂದ ದನಿ ಕೇಳಿ ಭಾವ ಅಂದ್ಕೊಂಡೆ. ಅಕ್ಕ ಫೋನ್ ಇಸ್ಕೊಂಡು, "ಇವನ ಗಂಟಲು ಒಡೆದುಹೋಗಿದೆ ಕಣೋ, ಕ್ಲಾಸು ಬಿಡಿಸ್ಲಾ?" ಅಂದ್ಲು. ಬಿಡಿಸ್ಬೇಡ ಕಣೇ, ಸದ್ಯಕ್ಕೆ ತಾಳ ಹಾಕ್ತಾ ಕೂತಿರ್ಲಿ, ಆಮೇಲೆ ಶ್ರುತಿ ಇಳಿಸೋಕೆ ಹೇಳು ಅಂದೆ.